ಗೇಣಿ ಕೊಳಗದಿಂದ ನಮೂನೆ 57ರವರೆಗೆ: ಮಲೆನಾಡಿನ ರಾಜಕಾರಣಿ ತಯಾರಾಗುವ ಬಗೆ

ಶಿವಮೊಗ್ಗ ಜಿಲ್ಲೆಯ ಯಾವ ಶಾಸಕರ ಮನೆ ಮುಂದೆ ಬೇಕಾದರೂ ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ನೋಡಿ. ಮದುವೆ ಕಾಗದ ಕೊಡಲು ಬಂದವರು, ವರ್ಗಾವಣೆ ಕೇಳುವವರು, ಆಸ್ಪತ್ರೆ ಬಿಲ್ಲು ಹಿಡಿದವರು ರಾಜ್ಯದ ಎಲ್ಲ ಕಡೆಯೂ ಇರುತ್ತಾರೆ. ಇಲ್ಲಿ ಇನ್ನೊಂದು ಗುಂಪು ಕಾಣುತ್ತದೆ. ಕಂಕುಳಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಮಡಿಕೆಯಲ್ಲೇ ಹರಿದುಹೋದ ಕಾಗದಗಳು: ಪಹಣಿ, ಸರ್ಕಾರಿ ಜಾಗ ಉತ್ತದ್ದಕ್ಕೆ ಅಪ್ಪನ ಕಾಲದಲ್ಲಿ ಕಟ್ಟಿದ ದಂಡದ ರಸೀದಿ, ಅದನ್ನು ಸಕ್ರಮ ಮಾಡಿ ಎಂದು ಹಾಕಿದ ನಮೂನೆ 53ರ ಸ್ವೀಕೃತಿ, ಅರಣ್ಯ ಇಲಾಖೆಯ ನೋಟಿಸು. ಮಲೆನಾಡಿನ ರಾಜಕಾರಣ ಏನೆಂದು ತಿಳಿಯಲು ಭಾಷಣ ಕೇಳುವುದಕ್ಕಿಂತ ಈ ಕವರನ್ನು ಬಿಚ್ಚಿ ಓದುವುದು ವಾಸಿ.

ಈ ಜಿಲ್ಲೆ ರಾಜ್ಯಕ್ಕೆ ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟಿದೆ: ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ. ಮುಖ್ಯಮಂತ್ರಿ ಹೋಗಲಿ, ಮಂತ್ರಿಯೂ ಆಗದೆ ಇವರಲ್ಲಿ ಬಂಗಾರಪ್ಪ, ಪಟೇಲರಿಗೆ ಗುರುವಾದವರು ಸಮಾಜವಾದಿ ಶಾಂತವೇರಿ ಗೋಪಾಲಗೌಡ. ಇವರ ಜೀವನವನ್ನು ಪಕ್ಷ, ಜಾತಿ, ಮಾತುಗಾರಿಕೆ ಎಂಬ ಕನ್ನಡಕದಲ್ಲಿ ನೋಡುವುದು ರೂಢಿ. ಅದೆಲ್ಲ ಸುಳ್ಳಲ್ಲ. ಆದರೆ ಒಬ್ಬೊಬ್ಬರ ಕಾಲಕ್ಕೂ ಜಮೀನಿನ ಒಂದೊಂದು ಕಾಗದ ಅಂಟಿಕೊಂಡಿದೆ. ಆ ಕಾಗದ ಅರ್ಥವಾದರೆ ಮನುಷ್ಯ ಹೇಗೆ ಗೆದ್ದ, ಏಕೆ ಸೋತ ಎಂಬುದರ ಅರ್ಧ ಭಾಗ ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಾಗದವೇ ಇಲ್ಲದ ಕಾಲ

ಮೊದಲ ಅಧ್ಯಾಯದಲ್ಲಿ ಕಾಗದವೇ ಇಲ್ಲ. ಅದೇ ಆ ಕಾಲದ ಸಮಸ್ಯೆ. ಗದ್ದೆ ಒಡೆಯರದು, ಉಳುವವನು ಒಕ್ಕಲು. ಸುಗ್ಗಿಯಲ್ಲಿ ಇಷ್ಟು ಖಂಡುಗ ಗೇಣಿ ಅಳೆಯಬೇಕು ಎಂಬುದು ಬಾಯಿಮಾತಿನ ಕರಾರು. ಅಳೆದದ್ದಕ್ಕೆ ರಸೀದಿ ಕೊಡುವ ಒಡೆಯರು ಅಪರೂಪ. ಅಳೆಯುವ ಕೊಳಗವೂ ಒಡೆಯರ ಮನೆಯದೇ.

ಜಗಳ ಹುಟ್ಟಿದ್ದು ಈ ಕೊಳಗದಲ್ಲಿ. 20 ಕೊಳಗ ಸೇರಿದರೆ ಒಂದು ಖಂಡುಗ. ಒಬ್ಬ ಒಕ್ಕಲು ವರ್ಷಕ್ಕೆ 20 ಖಂಡುಗ ಗೇಣಿ ಕೊಡಬೇಕು ಎಂದಿಟ್ಟುಕೊಳ್ಳಿ. ಅಂದರೆ 400 ಸಲ ಕೊಳಗ ತುಂಬಬೇಕು. ಕೊಳಗ ಅರ್ಧ ಸೇರು ದೊಡ್ಡದಾದರೆ 200 ಸೇರು ಭತ್ತ ಲೆಕ್ಕಕ್ಕೆ ಬಾರದೆ ಒಡೆಯರ ಪಣತಕ್ಕೆ (ಕಣಜಕ್ಕೆ) ಹೋಯಿತು. ಕೊಳಗಕ್ಕೆ 3 ಸೇರು ಎಂದು ಹಿಡಿದರೆ ಅದು ಮೂರು ಖಂಡುಗಕ್ಕಿಂತ ಹೆಚ್ಚು. ಒಂದು ಬಡ ಸಂಸಾರಕ್ಕೆ ಮಳೆಗಾಲದ ಊಟ. ಹೊರಗಿನವರಿಗೆ 'ಅಳತೆಯ ತಕರಾರು' ಎಂದು ಸಣ್ಣದಾಗಿ ಕೇಳಿದ್ದರ ತೂಕ ಇಷ್ಟಿತ್ತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಒಕ್ಕಲುಗಳಲ್ಲಿ ಹೆಚ್ಚಿನವರು ದೀವರು ಎಂಬ ಸಮುದಾಯದವರು. ಎಚ್. ಗಣಪತಿಯಪ್ಪ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿ ಇವರನ್ನು ಒಟ್ಟು ಮಾಡಿದ್ದರು. ದೊಡ್ಡ ಕೊಳಗದಲ್ಲಿ ಅಳೆಯುವುದಿಲ್ಲ ಎಂದ ಒಕ್ಕಲುಗಳನ್ನು ಗದ್ದೆಯಿಂದ ಬಿಡಿಸುವ ಕೆಲಸ ಶುರುವಾಯಿತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭ. ವಿಧಾನ ಸರಳ: ನೇಗಿಲು ಹೊತ್ತು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಹಾಗೆಂದು ಆ ವರ್ಷ ಒಕ್ಕಲುಗಳಿಗೆ ಭೂಮಿ ಸಿಕ್ಕಲಿಲ್ಲ. ಇದನ್ನು ಮರೆತು 'ಕಾಗೋಡು ಗೆದ್ದಿತು' ಎಂದು ಬರೆಯುವವರು ಬಹಳ. ಗೆಲುವು ಬಂದದ್ದು ಇಪ್ಪತ್ತಮೂರು ವರ್ಷದ ನಂತರ, ಅದೂ ಒಂದು ಅರ್ಜಿ ನಮೂನೆಯ ರೂಪದಲ್ಲಿ.

ಮಂತ್ರಿಯಾಗದ ಶಾಸಕ, ಮಂತ್ರಿಯಾದ ಎದುರಾಳಿ

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಜೈಲು ಕಂಡರು, ಆಮೇಲೆ ಸಮಾಜವಾದಿ ಪಕ್ಷ, ಕಾಗೋಡು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಬಂದರು. ಈ ಗೆಲುವಿನ ಹಿಂದೆ ಒಂದು ಲೆಕ್ಕ ಇದೆ. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಕಾಲದಲ್ಲಿ ಮತ ಇದ್ದದ್ದು ಕಂದಾಯ ಕಟ್ಟುವವರಿಗೆ, ಆಸ್ತಿ ಉಳ್ಳವರಿಗೆ. ಗೇಣಿ ಒಕ್ಕಲು ಕಂದಾಯ ಕಟ್ಟುವವನಲ್ಲ. 1952ರಲ್ಲಿ 21 ತುಂಬಿದ ಎಲ್ಲರಿಗೂ ಮತ ಬಂತು. ಒಬ್ಬ ಒಡೆಯರಿಗೆ ಹತ್ತಾರು ಒಕ್ಕಲು ಮನೆ, ಮನೆಗೆ ನಾಲ್ಕೈದು ಮತ. ಹಣವಿಲ್ಲದ ಅಭ್ಯರ್ಥಿ ಗೆಲ್ಲಬಹುದಾದ ಸಣ್ಣ ಸಂದು ಅಲ್ಲಿ ತೆರೆಯಿತು.

ಸಂದು ಯಾವಾಗಲೂ ತೆರೆದಿರಲಿಲ್ಲ. 1957ರಲ್ಲಿ ಗೌಡರು ಸೋತರು. 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಕಾಯಿಲೆ ಬಿದ್ದು 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ ಇನ್ನೂ 49. ಮೂರು ಅವಧಿಯೂ ವಿರೋಧ ಪಕ್ಷದ ಬೆಂಚು. ವಿರೋಧ ಪಕ್ಷದ ಶಾಸಕನಿಗೆ ಇರುವ ಆಯುಧಗಳು ಇವಿಷ್ಟೇ: ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಬಜೆಟ್ ಬೇಡಿಕೆಗಳ ಮೇಲೆ ಮಾತು, ಮಸೂದೆಗೆ ತಿದ್ದುಪಡಿ. ಇವುಗಳಿಂದ ರಸ್ತೆ ಬರುವುದಿಲ್ಲ, ಸೇತುವೆ ಬರುವುದಿಲ್ಲ. ಮಂತ್ರಿ ಏನು ಹೇಳಿದರು ಎಂಬುದು ದಾಖಲಾಗುತ್ತದೆ, ಆ ದಾಖಲೆ ಮುಂದಿನ ಕಾನೂನಿಗೆ ಕಲ್ಲು ಹಾಸುತ್ತದೆ. ಉಳುವವನಿಗೆ ಭೂಮಿ, ಆಡಳಿತಕ್ಕೆ ಕನ್ನಡ ಎಂದು ಅವರು ಸದನದಲ್ಲಿ ಹಿಡಿದ ಹಟ ಅಂಥದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ, ಗೇಣಿ ಹೋದದ್ದು 1974ಕ್ಕೆ. ಎರಡನ್ನೂ ನೋಡಲು ಅವರಿರಲಿಲ್ಲ.

ಅದೇ ತೀರ್ಥಹಳ್ಳಿಯ ಮಣ್ಣಿನಿಂದ ಬಂದ ಕಡಿದಾಳ್ ಮಂಜಪ್ಪ ಕಾಂಗ್ರೆಸ್ಸಿನವರು, ವಕೀಲರು, ಕಂದಾಯ ಮಂತ್ರಿಯಾಗಿದ್ದವರು. ಗೋಪಾಲಗೌಡರ ಅಭಿಮಾನದಲ್ಲಿ ಮಂಜಪ್ಪನವರನ್ನು ಬದಿಗೆ ಸರಿಸುವುದು ಅನ್ಯಾಯ. 1954ರ ವೈಯಕ್ತಿಕ ಮತ್ತು ಸಂಕೀರ್ಣ ಇನಾಂ ರದ್ದತಿ ಕಾಯ್ದೆ, 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ ಎರಡರ ಜೊತೆಗೂ ಅವರ ಹೆಸರಿದೆ. 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ, ಎರಡೂವರೆ ತಿಂಗಳು ಮುಖ್ಯಮಂತ್ರಿ. ಮರುದಿನ ಏಕೀಕೃತ ರಾಜ್ಯ ಹುಟ್ಟಿತು.

ಇನಾಂ ಬೇರೆ, ಗೇಣಿ ಬೇರೆ. ಇನಾಂ ಎಂದರೆ ಹಿಂದಿನ ದೊರೆ ಒಬ್ಬ ವ್ಯಕ್ತಿಗೋ ಮಠ, ದೇವಸ್ಥಾನಕ್ಕೋ ಕಂದಾಯದ ಹಕ್ಕನ್ನು ಬಿಟ್ಟುಕೊಟ್ಟದ್ದು. ಅದು ರದ್ದಾದರೆ ಸರ್ಕಾರ ಮತ್ತು ಸಾಗುವಳಿದಾರನ ನಡುವಿನ ಇನಾಂದಾರ ಹೋಗುತ್ತಾನೆ. ಆದರೆ ಸರ್ಕಾರಕ್ಕೆ ನೇರ ಕಂದಾಯ ಕಟ್ಟುವ ಖಾತೆದಾರನೊಬ್ಬ ತನ್ನ ಗದ್ದೆಯನ್ನು ಗೇಣಿಗೆ ಕೊಟ್ಟಿದ್ದರೆ ಈ ಕಾಯ್ದೆ ಅವನನ್ನು ಮುಟ್ಟುವುದಿಲ್ಲ. ಕಾಗೋಡಿನಂಥ ಕಡೆ ಇದ್ದ ಮುಖ್ಯ ಕಗ್ಗಂಟು ಎರಡನೆಯ ಬಗೆಯದು. ಅದಕ್ಕೆಂದು 1961ರಲ್ಲಿ ಭೂಸುಧಾರಣಾ ಕಾಯ್ದೆ ಬಂತು, ಜಾರಿಯಾದದ್ದು 1965ರ ಅಕ್ಟೋಬರ್ 2ರಿಂದ. ಅದರಲ್ಲೊಂದು ಕಂಡಿ: ಸ್ವಂತ ಸಾಗುವಳಿ ಮಾಡುತ್ತೇನೆ ಎಂದು ಒಡೆಯ ಗೇಣಿ ಜಮೀನಿನ ಒಂದು ಪಾಲನ್ನು ವಾಪಸು ಪಡೆಯಬಹುದಿತ್ತು. ಕಾನೂನು ಪಾಸಾಗಿ ಜಾರಿಯಾಗುವ ನಡುವಿನ ನಾಲ್ಕು ವರ್ಷವಂತೂ ಒಕ್ಕಲು ಬಿಡಿಸಲು ಸಿಕ್ಕ ರಜೆಯಂತಾಯಿತು.

ನಮೂನೆ 7: ಹೇಗೆ ನಡೆಯಿತು, ಎಲ್ಲಿ ಮುರಿಯಿತು

ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರ ಜಾಣತನ ಎಲ್ಲಿದೆ ಎಂದರೆ, ಒಡೆಯನಿಂದ ಒಕ್ಕಲಿಗೆ ಭೂಮಿ ಕೊಡಿಸುವ ಗೋಜಿಗೇ ಅದು ಹೋಗಲಿಲ್ಲ. 44ನೇ ಕಲಮಿನ ಪ್ರಕಾರ ಗೇಣಿಯಲ್ಲಿದ್ದ ಎಲ್ಲ ಜಮೀನೂ ಆ ದಿನವೇ ಸರ್ಕಾರಕ್ಕೆ ಸೇರಿತು. ಆಮೇಲೆ ಒಕ್ಕಲು 'ಇದನ್ನು ಉಳುತ್ತಿದ್ದವನು ನಾನು' ಎಂದು ಸರ್ಕಾರದ ಮುಂದೆ ಅರ್ಜಿ ಹಾಕಬೇಕು. ಆ ಅರ್ಜಿಯೇ ನಮೂನೆ 7. ಕೊನೆಯ ದಿನ ಮತ್ತೆ ಮತ್ತೆ ಮುಂದಕ್ಕೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು.

ಅರ್ಜಿಯ ವಿಚಾರಣೆ ತಾಲ್ಲೂಕು ಭೂ ನ್ಯಾಯಮಂಡಳಿಯಲ್ಲಿ. ಅಧ್ಯಕ್ಷರು ಉಪವಿಭಾಗಾಧಿಕಾರಿ, ಜನ ಇನ್ನೂ 'ಎಸಿ ಸಾಹೇಬರು' ಎನ್ನುತ್ತಾರೆ. ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಲಿಗೆ ವಕೀಲರಿಗೆ ಪ್ರವೇಶವಿರಲಿಲ್ಲ, ಮೇಲ್ಮನವಿಯೂ ಇರಲಿಲ್ಲ, ಅತೃಪ್ತರು ರಿಟ್ ಹಿಡಿದು ಹೈಕೋರ್ಟಿಗೆ ಹೋಗಬೇಕಿತ್ತು. ಆ ನಾಲ್ಕು ಕುರ್ಚಿಗಳನ್ನು ಗಮನಿಸಿ. ಪಕ್ಷದ ತಾಲ್ಲೂಕು ಮಟ್ಟದ ಕಾರ್ಯಕರ್ತನಿಗೆ ಜನರ ಭೂಮಿಯ ಬಗ್ಗೆ ತೀರ್ಪು ಹೇಳುವ ಅಧಿಕಾರ ಮೊದಲ ಬಾರಿಗೆ ಕೊಟ್ಟ ಕುರ್ಚಿಗಳವು. ಒಂದು ತಲೆಮಾರಿನ ಸ್ಥಳೀಯ ಮುಖಂಡರು ಬೆಳೆದದ್ದು ಅಲ್ಲಿ.

ಒಕ್ಕಲು ಸಾಬೀತು ಮಾಡಬೇಕಾದದ್ದು ಒಂದೇ ಸಂಗತಿ: 1974ರ ಮಾರ್ಚ್ 1ರಂದು ಅಥವಾ ಅದಕ್ಕೆ ತೀರಾ ಹಿಂದೆ ತಾನು ಗೇಣಿದಾರನಾಗಿ ಉಳುತ್ತಿದ್ದೆ. ಹೇಳುವುದು ಸುಲಭ. ಒಡೆಯನ ಮನೆಯವನು, ಕೂಲಿ ಆಳು, ಭೋಗ್ಯಕ್ಕೆ ಹಿಡಿದವನು ಕಾನೂನಿನ ಕಣ್ಣಿಗೆ ಗೇಣಿದಾರರಲ್ಲ. ಹಾಗಾಗಿ ಒಡೆಯರ ಕಡೆಯ ಮೊದಲ ಉತ್ತರ 'ಅವನು ನಮ್ಮ ಆಳು, ಗೇಣಿಯವನಲ್ಲ'. ಗೇಣಿ ರಸೀದಿ ಇಲ್ಲ. ಉಳಿದದ್ದು ಪಹಣಿ. ಅದರ 9ನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರು, 12ನೇ ಕಾಲಂನಲ್ಲಿ ಉಳುವವನ ಹೆಸರು. ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ಸಾಬೀತಾಗುವವರೆಗೆ ಸತ್ಯ ಎಂದು ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಹತ್ತು ಹದಿನೈದು ವರ್ಷ ಹಿಂದೆ 12ನೇ ಕಾಲಂ ತುಂಬಿದವರು ಒಡೆಯರ ಜಗುಲಿಯಲ್ಲಿ ಕೂತು 'ಸ್ವಂತ' ಎಂದು ಬರೆದಿದ್ದರೆ ಒಕ್ಕಲಿನ ಕತೆ ಅಲ್ಲಿಗೇ ಅರ್ಧ ಮುಗಿಯಿತು. ಅಕ್ಕಪಕ್ಕದ ಗದ್ದೆಯವರ ಸಾಕ್ಷಿ ಬಿದ್ದರೆ ಉಂಟು, ಬೀಳದಿದ್ದರೆ ಇಲ್ಲ.

ಗೆದ್ದವರ ಕತೆಯೂ ನೆಟ್ಟಗಿರಲಿಲ್ಲ. ನಮೂನೆ 7 ಹಾಕಿದ್ದು ಮನೆಯ ಹಿರಿಯಣ್ಣ, ಆದೇಶ ಬಂದದ್ದು ಅವನ ಹೆಸರಿಗೆ. ಉಳಿದ ತಮ್ಮಂದಿರು ಪಾಲು ಕೇಳಿದಾಗ 'ಇದು ನನ್ನ ಸ್ವಂತ ಗೇಣಿ' ಎಂಬ ವಾದ ಹುಟ್ಟಿ, ಆ ದಾವೆಗಳು ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಒಂದು ಸರ್ವೆ ನಂಬರಿನಲ್ಲಿ ಮೂವರು ಒಕ್ಕಲು ಇದ್ದರೆ ಮೂವರಿಗೂ 'ಭಾಗ' ಎಂದು ಆದೇಶವಾಯಿತು, ಆದರೆ ಪೋಡಿಯಾಗಲಿಲ್ಲ. ಅಂದರೆ ಯಾರ ತುಂಡು ಎಲ್ಲಿಂದ ಎಲ್ಲಿಯವರೆಗೆ ಎಂಬ ನಕ್ಷೆಯೇ ತಯಾರಾಗಲಿಲ್ಲ. ಇವತ್ತು ಬ್ಯಾಂಕಿನವರು ಅಡಿಕೆ ತೋಟಕ್ಕೆ ಸಾಲ ಕೊಡುವಾಗ ಎಡವುವುದು ಈ ಹಳೆಯ ಕಲ್ಲಿಗೇ. ಇನ್ನು ಕೆಲವರು ಅರ್ಜಿಯನ್ನೇ ಹಾಕಲಿಲ್ಲ. ಒಡೆಯರ ಮನೆಯ ಉಪ್ಪು ತಿಂದ ದಾಕ್ಷಿಣ್ಯ, ದೇವರ ಮುಂದೆ ಮಾಡಿಸಿದ ಆಣೆ, ಸುಮ್ಮನೆ ಹೆದರಿಕೆ. ಇತ್ತ ಒಂದೆರಡು ಎಕರೆ ಗೇಣಿಯ ಮೇಲೇ ಬದುಕಿದ್ದ ವಿಧವೆಯರು, ಸಣ್ಣ ಅರ್ಚಕರ ಮನೆಗಳೂ ಅದೇ ಬೀಸಿನಲ್ಲಿ ಕೊಚ್ಚಿಹೋದವು. ಮಲೆನಾಡಿನ ಎಲ್ಲ ಒಡೆಯರೂ ದೊಡ್ಡ ಒಡೆಯರಾಗಿರಲಿಲ್ಲ.

ಅರ್ಜಿ ಹಾಕದೆ ಉಳಿದವರಿಗೆ ಮತ್ತೊಂದು ಬಾಗಿಲು ತೆರೆದದ್ದು 1998ರಲ್ಲಿ, ನಮೂನೆ 7ಎ. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲ್, ಗೋಪಾಲಗೌಡರ ಪಾಳಯದಲ್ಲೇ ಪಳಗಿದವರು.

ಬಗರ್ ಹುಕುಂ: ಶಾಸಕನ ಕೈಗೆ ಬಂದ ಕೀಲಿ

ಗೇಣಿ ಮುಗಿದ ಮೇಲೆ ಮಲೆನಾಡಿನ ಪ್ರಶ್ನೆ ಬದಲಾಯಿತು. ಒಡೆಯರ ಗದ್ದೆಯ ಜಾಗದಲ್ಲಿ ಈಗ ಸರ್ಕಾರದ ಜಾಗ. ಹುಕುಂ ಇಲ್ಲದೆ ಮಾಡಿದ ಸಾಗುವಳಿ, ಬಗರ್ ಹುಕುಂ. ಗದ್ದೆಯ ಮೇಲಿನ ಹಕ್ಕಲು (ಬೀಳು ಜಾಗ), ತೋಟದ ಅಂಚಿನ ಗುಡ್ಡ, ಗೋಮಾಳ. ಕುಟುಂಬ ಬೆಳೆದಂತೆ ಬೇಲಿ ಸರಿಯಿತು.

ಸಕ್ರಮದ ಮೂರು ಅಲೆಗಳನ್ನು ನೋಡಿ. ನಮೂನೆ 50 ಬಂದದ್ದು 1991ರಲ್ಲಿ, ಮುಖ್ಯಮಂತ್ರಿ ಸೊರಬದ ಬಂಗಾರಪ್ಪ. ನಮೂನೆ 53 ಬಂದದ್ದು 1998–99ರಲ್ಲಿ, ಮುಖ್ಯಮಂತ್ರಿ ಪಟೇಲ್. ಎರಡಕ್ಕೂ 1990ರ ಏಪ್ರಿಲ್ 14ಕ್ಕಿಂತ ಹಿಂದಿನ ಸಾಗುವಳಿ ಬೇಕು. ನಮೂನೆ 57 ಬಂದದ್ದು 2018ರ ಮಾರ್ಚ್‌ನಲ್ಲಿ, 2005ರ ಜನವರಿ 1ಕ್ಕೆ ಮುಂಚಿನ ಸಾಗುವಳಿಗೆ. ಆಗ ಕಂದಾಯ ಮಂತ್ರಿ ಕಾಗೋಡು ತಿಮ್ಮಪ್ಪ. ಹೌದು, ಅದೇ ಕಾಗೋಡು. ಮೂರಕ್ಕೂ ಇದೇ ಜಿಲ್ಲೆಯ ನೆಲದವರು ಅಧಿಕಾರದಲ್ಲಿದ್ದದ್ದನ್ನು ಕಾಕತಾಳೀಯ ಎನ್ನಬಹುದು. ಆದರೆ ಬೆಳಿಗ್ಗೆ ಎಂಟಕ್ಕೆ ಜಗುಲಿ ಮೇಲೆ ಪ್ಲಾಸ್ಟಿಕ್ ಕವರ್ ನೋಡುತ್ತ ಬೆಳೆದ ರಾಜಕಾರಣಿಗೆ ಇದು ಬೇರೆಯವರಿಗಿಂತ ಬೇಗ ಹೊಳೆಯುತ್ತದೆ ಎಂದರೆ ತಪ್ಪಾಗಲಾರದು.

ಬಗರ್ ಹುಕುಂ ಸಮಿತಿಯ ಅಧ್ಯಕ್ಷ ಕ್ಷೇತ್ರದ ಶಾಸಕ, ಕಾರ್ಯದರ್ಶಿ ತಹಶೀಲ್ದಾರ್. ಅರ್ಜಿಯ ದಾರಿ ಹೀಗೆ. ನಮೂನೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಈ ಚೀಟಿ ಕಳೆದುಕೊಂಡವರು ಅರ್ಧ ಕಳೆದುಕೊಂಡಂತೆ. ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ಮಹಜರು ಮಾಡುತ್ತಾರೆ. ಈಚೆಗೆ ಮೊಬೈಲ್ ಆ್ಯಪಿನಲ್ಲಿ ಜಮೀನಿನ ಸುತ್ತ ನಡೆದು ಗಡಿ ಗುರುತಿಸುತ್ತಾರೆ, ಹಳೆಯ ಉಪಗ್ರಹ ಚಿತ್ರದಲ್ಲಿ ಅಲ್ಲಿ ಸಾಗುವಳಿ ಕಾಣುತ್ತದೆಯೇ ಎಂದು ತಾಳೆ ನೋಡುತ್ತಾರೆ. ಕಂದಾಯ ನಿರೀಕ್ಷಕರ ವರದಿ, ಭೂಮಾಪಕರ ನಕ್ಷೆ, ಅರಣ್ಯದ ಅಭಿಪ್ರಾಯ ಸೇರಿ ಕಡತ ಸಮಿತಿ ಮುಂದೆ ಬರುತ್ತದೆ. ಒಪ್ಪಿಗೆಯಾದರೆ ಕಿಮ್ಮತ್ತು ಕಟ್ಟಿ, ಸಾಗುವಳಿ ಚೀಟಿ, ಖಾತೆ, ಪೋಡಿ. ಈಗಾಗಲೇ ಇರುವ ಜಮೀನೂ ಸೇರಿ 4 ಎಕರೆ 38 ಗುಂಟೆಗಿಂತ ಹೆಚ್ಚು ಆಗಬಾರದು.

ಕಡತ ಬೀಳುವ ಗುಂಡಿಗಳು ಗೊತ್ತಿರುವಂಥವೇ. ಗೋಮಾಳವಾದರೆ ಊರಿನ 100 ಜಾನುವಾರಿಗೆ 30 ಎಕರೆ ಉಳಿಸಿ ಮಿಕ್ಕದ್ದನ್ನು ಮಾತ್ರ ಕೊಡಬಹುದು. ದನ ಎಷ್ಟೋ ಮನೆಗಳಿಂದ ಮಾಯವಾಗಿ ಅಡಿಕೆ ಬಂದಿದೆ, ಆದರೆ ಲೆಕ್ಕ ಹಾಕಿಸದೆ 'ಹೆಚ್ಚುವರಿ ಗೋಮಾಳ' ಎಂದು ಬರೆಯುವಂತಿಲ್ಲ. ನಗರ, ಪಟ್ಟಣದ ಗಡಿಗೆ ಕಾನೂನು ಹೇಳಿದ ದೂರದೊಳಗಿದ್ದರೆ ಅರ್ಜಿ ವಜಾ. 2005ಕ್ಕೆ ಅರ್ಜಿದಾರನಿಗೆ 18 ತುಂಬಿರಬೇಕು. ಎಷ್ಟೋ ಮನೆಗಳಲ್ಲಿ ಓದಿದ ಮಗನ ಹೆಸರಿನಲ್ಲಿ ಅರ್ಜಿ ಬರೆಸಿ ಇದರಲ್ಲೇ ಸಿಕ್ಕಿಬಿದ್ದರು. ಒಬ್ಬನೇ ಮೂರು ನಾಲ್ಕು ಅರ್ಜಿ ಹಾಕಿದ್ದೂ ಉಂಟು. ಇವೆಲ್ಲಕ್ಕಿಂತ ದೊಡ್ಡ ಗುಂಡಿ ಚುನಾವಣೆ. ಶಾಸಕ ಬದಲಾದರೆ ಸಮಿತಿ ಹೋಯಿತು. ಹೊಸ ಸಮಿತಿಗೆ ಸರ್ಕಾರದ ಆದೇಶ ಬೇಕು, ಸದಸ್ಯರ ಹೆಸರಿಗೆ ಪಕ್ಷದೊಳಗೇ ಜಗಳ. ನಡುವೆ ಲೋಕಸಭೆ, ಪಂಚಾಯಿತಿ ಎಂದು ನೀತಿ ಸಂಹಿತೆ ಬಂದರೆ ಸಭೆಯೇ ಇಲ್ಲ. ಐದು ವರ್ಷದ ಅವಧಿಯಲ್ಲಿ ಸಮಿತಿ ನಿಜವಾಗಿ ಕೂರುವುದು ಅದಕ್ಕಿಂತ ಬಹಳ ಕಡಿಮೆ ಕಾಲ.

ಈ ಸಮಿತಿಯೇ ಶಾಸಕನನ್ನು ಬೆಳೆಸುತ್ತದೆ, ಕೆಡಿಸುತ್ತದೆ ಕೂಡ. ಒಬ್ಬನಿಗೆ ಚೀಟಿ ಸಿಕ್ಕರೆ ಆ ಮನೆ ಎರಡು ಚುನಾವಣೆ ನೆನಪಿಡುತ್ತದೆ. ಪಕ್ಕದವನದು ವಜಾ ಆದರೆ ಅವನು ಮೂರು ಚುನಾವಣೆ ನೆನಪಿಡುತ್ತಾನೆ.

ಕಾಡಿನ ಗೆರೆ

ಇಲ್ಲಿ ಶಾಸಕನ ಕೈ ಸೋಲುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದಾಖಲೆಯಲ್ಲಿ ಅರಣ್ಯವಾಗಿರುವ ಒಂದು ಗುಂಟೆಯನ್ನೂ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಬಿಟ್ಟುಕೊಡುವಂತಿಲ್ಲ. ವೇದಿಕೆ ಮೇಲೆ 'ಒಂದಿಂಚೂ ಬಿಡಿಸಲು ಬಿಡುವುದಿಲ್ಲ' ಎಂದವರು ಕಡತದ ಮುಂದೆ ಸುಮ್ಮನಾಗುವುದು ಇದಕ್ಕೇ.

ಜೊತೆಗೆ ಮಲೆನಾಡಿನಲ್ಲಿ ಅರಣ್ಯ ಎಂಬುದು ಒಂದೇ ಬಗೆಯದಲ್ಲ. 1963ರ ಅರಣ್ಯ ಕಾಯ್ದೆಯ 4ನೇ ಕಲಮಿನಡಿ 'ಮೀಸಲು ಮಾಡಲು ಉದ್ದೇಶಿಸಿದೆ' ಎಂದು ಅಧಿಸೂಚನೆ ಹೊರಟು, ಜನರ ಹಕ್ಕಿನ ವಿಚಾರಣೆ ಮುಗಿದು 17ನೇ ಕಲಮಿನ ಅಂತಿಮ ಅಧಿಸೂಚನೆ ಬರಬೇಕು. ನಡುವೆ ದಶಕಗಟ್ಟಲೆ ನಿಂತ ಜಾಗಗಳಿವೆ. ಅಲ್ಲಿರುವ ಮನೆ ಮಾಲೀಕನದೂ ಅಲ್ಲ, ಪೂರ್ತಿ ಅರಣ್ಯದ್ದೂ ಅಲ್ಲ. ಸಾಗರ, ಸೊರಬದ ಕಾನು (ದಟ್ಟ ಹಸಿರು ಕಾಡು) ಮತ್ತು ಅಡಿಕೆ ತೋಟದ ಸೊಪ್ಪಿನಬೆಟ್ಟ ಇನ್ನೊಂದು ಬಗೆ. ಭೂಕಂದಾಯ ಕಾಯ್ದೆಯ 79ನೇ ಕಲಂ ಇವುಗಳಲ್ಲಿ ಸೊಪ್ಪು, ದರಗು (ಒಣಗಿ ಬಿದ್ದ ಎಲೆ) ತರುವ ಸವಲತ್ತು ಕೊಡುತ್ತದೆ, ಒಡೆತನ ಕೊಡುವುದಿಲ್ಲ. ಸೊಪ್ಪಿನಬೆಟ್ಟವನ್ನೇ ತೋಟ ಮಾಡಿದವರಿಗೆ ಈ ವ್ಯತ್ಯಾಸ ನೋಟಿಸು ಬಂದ ದಿನ ತಿಳಿಯುತ್ತದೆ. ಇನ್ನು ಕಂದಾಯ ದಾಖಲೆಯಲ್ಲಿದ್ದೂ ಮರಗಳ ಕಾರಣಕ್ಕೆ ಅರಣ್ಯವೆನಿಸಿದ ಪರಿಭಾವಿತ ಅರಣ್ಯ, ಜನರ ಬಾಯಲ್ಲಿ ಡೀಮ್ಡ್ ಫಾರೆಸ್ಟ್. ಮೊದಲು ಗುರುತಿಸಿದ್ದ ಸುಮಾರು 9.94 ಲಕ್ಷ ಹೆಕ್ಟೇರನ್ನು ಪರಿಶೀಲಿಸಿ, 2022ರಲ್ಲಿ ರಾಜ್ಯಾದ್ಯಂತ ಸುಮಾರು 3.3 ಲಕ್ಷ ಹೆಕ್ಟೇರ್ ಎಂದು ಇಳಿಸಲಾಯಿತು.

2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಮಲೆನಾಡು ಬಹಳ ಆಸೆಪಟ್ಟಿತು. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ಬದುಕುತ್ತಿರುವವರಿಗೆ 4 ಹೆಕ್ಟೇರ್‌ವರೆಗೆ ಹಕ್ಕು. ಬುಡಕಟ್ಟಿನವರಿಗೆ ಇಷ್ಟು ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ದೀವರು, ಒಕ್ಕಲಿಗರು, ಮಡಿವಾಳರು ಎಲ್ಲ ಈ ಎರಡನೇ ಸಾಲಿಗೆ ಬೀಳುತ್ತಾರೆ. 1930ರ ಕಾಗದ ಯಾರ ಮನೆಯಲ್ಲಿದೆ? ಗ್ರಾಮದ ಅರಣ್ಯ ಹಕ್ಕು ಸಮಿತಿ ಒಪ್ಪಿದ್ದು ಉಪವಿಭಾಗ ಮಟ್ಟದಲ್ಲಿ ಬೀಳುವುದು ಈ ಪ್ರಶ್ನೆಗೆ. ಹಿರಿಯರ ಹೇಳಿಕೆ, ಹಳೆಯ ಸಮಾಧಿ, ಬಾವಿ, ಮನೆಯ ಕುರುಹು ಕೂಡ ಸಾಕ್ಷ್ಯ ಎಂದು ನಿಯಮವೇ ಹೇಳುತ್ತದೆ. ಆದರೂ ಕಚೇರಿಗೆ ಕಾಗದವೇ ಪ್ರೀತಿ. ಅರ್ಜಿ ಬರೆಯುವಾಗ ಕನಿಷ್ಠ ಎರಡು ಬಗೆಯ ಸಾಕ್ಷ್ಯ ಸೇರಿಸದವರು ಮೊದಲ ಸುತ್ತಿನಲ್ಲೇ ಹೊರಗೆ.

ಇವರೆಲ್ಲರಿಗಿಂತ ಕಷ್ಟದವರು ಶರಾವತಿ ವಿದ್ಯುತ್ ಯೋಜನೆಯ ಸಂತ್ರಸ್ತರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ತುಂಬಿದಾಗ ಸಾಗರ, ಹೊಸನಗರದ ಊರುಗಳು ಮುಳುಗಿದವು. ಎದ್ದು ಬಂದವರನ್ನು ತಂದು ಕೂರಿಸಿದ್ದು ಬಹುಪಾಲು ಕಾಡಿನ ಜಾಗದಲ್ಲಿ. ಜಾಗ ಕೊಟ್ಟರು, ಆದರೆ ಆ ಜಾಗವನ್ನು ಅರಣ್ಯದ ಲೆಕ್ಕದಿಂದ ಪೂರ್ತಿ ಬಿಡಿಸಲಿಲ್ಲ. 1980 ಬಂದಾಗ ಬಾಗಿಲು ಮುಚ್ಚಿತು. ರಾಜ್ಯಕ್ಕೆ ಬೆಳಕು ಕೊಟ್ಟವರು ಸ್ವಂತ ಅಂಗಳದಲ್ಲಿ ಒತ್ತುವರಿದಾರರಾದರು. ಹಿನ್ನೀರಿನ ಆಚೆ ಉಳಿದವರಿಗೆ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಸೇತುವೆ ತೆರೆದದ್ದು 2025ರ ಜುಲೈ 14ರಂದು.

ಏಣಿಯ ಮೆಟ್ಟಿಲುಗಳು

ಇಂಥ ನೆಲದಲ್ಲಿ ಒಬ್ಬ ರಾಜಕಾರಣಿ ಎಲ್ಲಿಂದ ಶುರು ಮಾಡುತ್ತಾನೆ? ಬಹುಮಟ್ಟಿಗೆ ಸೇವಾ ಸಹಕಾರ ಸಂಘದಿಂದ ಅಥವಾ ಗ್ರಾಮ ಪಂಚಾಯಿತಿಯಿಂದ. ಸಹಕಾರ ಸಂಘದಲ್ಲಿ ಬೆಳೆ ಸಾಲ, ಗೊಬ್ಬರ, ಯಾರ ಮನೆ ಸಾಲ ಎಷ್ಟು ಎಂಬ ಒಳಲೆಕ್ಕ ಕೈಗೆ ಬರುತ್ತದೆ. ಮುಂದೆ ಡಿಸಿಸಿ ಬ್ಯಾಂಕ್ (ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್), ಮಾಮ್ಕೋಸ್‌ನಂಥ ಅಡಿಕೆ ಸಹಕಾರ ಸಂಘಗಳ ನಿರ್ದೇಶಕ ಸ್ಥಾನ. ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ, ಪಕ್ಷದ ಚಿಹ್ನೆ ಇಲ್ಲ. ಬಯಲುಸೀಮೆಯಲ್ಲಿ 5,000ದಿಂದ 7,000 ಜನರಿಗೆ ಒಂದು ಪಂಚಾಯಿತಿಯಾದರೆ ಮನೆಗಳು ಚದುರಿದ ಮಲೆನಾಡಿನಲ್ಲಿ 2,500 ಜನರಿಗೂ ಮಾಡಬಹುದು. ಒಂದು ಮತಕ್ಕಾಗಿ ಎರಡು ಹಳ್ಳ ದಾಟಿ, ಜಿಗಣೆ ಕಿತ್ತುಕೊಳ್ಳುತ್ತ ಹೋಗಬೇಕಾದ ಊರುಗಳಿವು. ಅಲ್ಲಿಂದ ತಾಲ್ಲೂಕು, ಜಿಲ್ಲಾ ಪಂಚಾಯಿತಿ. ಈ ನಡುವಿನ ಮೆಟ್ಟಿಲು 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಕಾಣಲಿಲ್ಲ. ಅದರ ಕೆಲಸವೂ ಜಗುಲಿಯ ಗುಂಪೂ ಶಾಸಕರ ಮನೆಗೇ ಬಂತು.

ವಿಧಾನಸಭೆಗೆ ನಿಲ್ಲಲು ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಚಲಾಯಿತ ಮತದ ಆರನೇ ಒಂದು ಭಾಗ ಬಾರದಿದ್ದರೆ ಠೇವಣಿ ಹೋಯಿತು. ಮಾನ್ಯತೆ ಪಡೆದ ಪಕ್ಷದ ಬಿ ಫಾರಂ ಇದ್ದರೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ನಾಮಪತ್ರ ಮೂಲೆಗೆ ಬೀಳುವುದು ಹೆಚ್ಚಾಗಿ ನಮೂನೆ 26ರ ಪ್ರಮಾಣಪತ್ರದಲ್ಲಿ ಖಾನೆ ಖಾಲಿ ಬಿಟ್ಟಾಗ. 'ಇಲ್ಲ' ಎಂದಾದರೂ ಬರೆಯಲೇಬೇಕು. ಖರ್ಚಿನ ಮಿತಿ 40 ಲಕ್ಷ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆ, ಸೋತವರು ಮರೆಯುವುದು ಇದನ್ನೇ. ಗೆದ್ದವರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಪ್ರದೇಶಾಭಿವೃದ್ಧಿ ನಿಧಿ. ಮಳೆಗಾಲಕ್ಕೆ ಕಿತ್ತುಹೋಗುವ ಕಾಲುಸಂಕ, ಘಟ್ಟದ ರಸ್ತೆಗಳ ಮುಂದೆ ಅದು ಒಗ್ಗರಣೆ.

ಬಂಗಾರಪ್ಪ 1967ರಿಂದ 1994ರವರೆಗೆ ಸೊರಬದಲ್ಲಿ ಸತತ ಏಳು ಬಾರಿ ಗೆದ್ದರು. ಪಕ್ಷಗಳು ಬದಲಾದವು, ಕ್ಷೇತ್ರ ಬದಲಾಗಲಿಲ್ಲ. ಭೂಮಿ ಪಡೆದ ಒಕ್ಕಲಿಗೆ ಮುಂದೆ ಬೇಕಾದದ್ದು ಮನೆ ಮತ್ತು ನೀರು. ಆಶ್ರಯ ಮನೆ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಆ ಬೇಡಿಕೆಗೆ ಸರಿಯಾಗಿ ಕೂತವು. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದವರು. ಮುಖ್ಯಮಂತ್ರಿಯಾಗಿ 1997ರಲ್ಲಿ ಹೊಸ ಜಿಲ್ಲೆಗಳನ್ನು ಮಾಡಿದಾಗ ತಮ್ಮದೇ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಬಿಟ್ಟು ದಾವಣಗೆರೆಗೆ ಸೇರಿತು. ಯಡಿಯೂರಪ್ಪ ಈ ಮಣ್ಣಿನವರಲ್ಲ, ಮಂಡ್ಯ ಜಿಲ್ಲೆಯ ಬೂಕನಕೆರೆಯವರು. ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿ, 1975ರಲ್ಲಿ ಪುರಸಭೆಗೆ ಬಂದು, 1983ರಲ್ಲಿ ಶಾಸಕರಾದರು. 1999ರಲ್ಲಿ ಅದೇ ಶಿಕಾರಿಪುರ ಸೋಲಿಸಿತು. ಗಿರಣಿಗೆ ಭತ್ತ ತರುವ ಪ್ರತಿ ರೈತನ ಮುಖ, ಊರು, ಸಾಲ ಗೊತ್ತಿರುವ ಗುಮಾಸ್ತನಿಗಿಂತ ಒಳ್ಳೆಯ ತರಬೇತಿ ರಾಜಕಾರಣಕ್ಕೆ ಸಿಗುವುದು ಕಷ್ಟ.

ಕಾಗೋಡು ತಿಮ್ಮಪ್ಪ 1972ರಲ್ಲಿ ಸಾಗರದಿಂದ ಸಮಾಜವಾದಿಯಾಗಿ ಗೆದ್ದರು, ಆಮೇಲೆ ಕಾಂಗ್ರೆಸ್ ಸೇರಿದರು, 2013ರಿಂದ ವಿಧಾನಸಭಾಧ್ಯಕ್ಷ, 2016ರಿಂದ 2018ರವರೆಗೆ ಕಂದಾಯ ಮಂತ್ರಿ. ಕೊಳಗದ ಜಗಳ ನಡೆದ ಊರಿನ ಹುಡುಗ ಕಂದಾಯ ಇಲಾಖೆಯ ಕುರ್ಚಿಗೆ ಬಂದಾಗ ಅವರ ಮೇಜಿಗೆ ಬಂದ ಅರ್ಜಿಗಳಲ್ಲಿ ಒಡೆಯರ ಹೆಸರಿರಲಿಲ್ಲ. ಎದುರು ಕಕ್ಷಿದಾರನ ಜಾಗದಲ್ಲಿ 'ಸರ್ಕಾರ', ಷರಾ ಕಾಲಂನಲ್ಲಿ 'ಅರಣ್ಯ' ಎಂದಿತ್ತು.

ಕವರ್ ಹಿಡಿದು ಶಾಸಕರ ಮನೆಗೆ ಹೊರಡುವವರು ಮೊದಲು ನೋಡಬೇಕಾದದ್ದೂ ಪಹಣಿಯ ಆ ಸಾಲನ್ನೇ. 'ಸರ್ಕಾರಿ', 'ಗೋಮಾಳ' ಎಂದಿದ್ದರೆ ಸಮಿತಿಯ ಮುಂದಿನ ಸಭೆ ಯಾವಾಗ, ಕಡತ ಯಾರ ಮೇಜಿನಲ್ಲಿದೆ ಎಂದು ಕೇಳಿ. ಶಾಸಕರು ಮಾಡಬಲ್ಲ ಕೆಲಸವದು. 'ಅರಣ್ಯ' ಎಂದಿದ್ದರೆ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆಗೆ ಪತ್ರ ಬರೆಸಿ, ಅದರ ಪ್ರತಿಯಲ್ಲಿ ಸರ್ವೆ ನಂಬರ್ ಸರಿಯಾಗಿದೆಯೇ ಎಂದು ಅಲ್ಲೇ ಓದಿ ನೋಡಿ. ಸರ್ವೆ ನಂಬರ್ ತಪ್ಪಾದ ಪತ್ರಕ್ಕೆ ಉತ್ತರ ಬರಲು ಇನ್ನೊಂದು ಮಳೆಗಾಲ ಕಾಯಬೇಕಾಗುತ್ತದೆ.